ಕಾಫಿಗೊಂದು ಸ್ಫೋಟನಿರೋಧಕ ಪೆಟ್ಟಿಗೆ

ನೂರೈವತ್ತು ಜನರ ಕಾಫಿಗೆ ನೀರು ಕಾಯಿಸುವುದು ಒಂದು ಕೆಲಸವೇ? ಅಲ್ಲ ಎಂದು ನಾನು ನಾಲ್ಕು ಜನರ ಎದುರಿಗೆ ಹೇಳಿದೆ. ಹೇಳುವಾಗ ನನ್ನ ಎದೆ ಎರಡು ಇಂಚು ಮುಂದೆ ಬಂದಿತ್ತು ಎಂದು ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ. ಬಂದಿರಬಹುದು. ತೈಲ ಬಾವಿಗಳ ಒತ್ತಡ, ಉಷ್ಣಾಂಶ, ಹರಿವು ಇವನ್ನೆಲ್ಲ ಅಳೆದು ಹದ್ದುಬಸ್ತಿನಲ್ಲಿಡುವ ಉಪಕರಣಗಳ ಇಂಜಿನಿಯರಾಗಿ ಹದಿನೆಂಟು ವರ್ಷ ಒಮಾನಿನ ಮರಳು ತಿಂದವನು ನಾನು. ನನ್ನೆದುರು ಕಾಫಿ ಯಾವ ಲೆಕ್ಕ!

ಆಗ ತೈಲದ ಬೆಲೆ ನೆಲ ಕಚ್ಚಿತ್ತು. ಬೆಲೆ ಬಿದ್ದದ್ದು ಎಲ್ಲೋ ದೂರದ ಮಾರುಕಟ್ಟೆಯಲ್ಲಿ. ಅದರ ಸದ್ದು ಮೊದಲು ಕೇಳಿಸಿದ್ದು ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ. ಮೊದಲು ಬಿಸ್ಕತ್ತು ನಿಂತಿತು. ಆಮೇಲೆ ಹಾಲಿನ ಪುಡಿ ನಿಂತಿತು. ಆಮೇಲೆ ಪ್ರಾಜೆಕ್ಟುಗಳೇ ನಿಂತವು. ಕೆಲಸವಿಲ್ಲದಿದ್ದರೂ ಇದೆ ಎಂಬ ಮುಖ ಹೊತ್ತು ಕೂರುವುದೇ ನಮ್ಮೆಲ್ಲರ ಕೆಲಸವಾಯಿತು. ಯಾರಿಗಾದರೂ ಎಚ್.ಆರ್.ನಿಂದ ಕರೆ ಬಂದರೆ ಉಳಿದವರೆಲ್ಲ ಎದ್ದು ಕೈ ಕುಲುಕಿ ಬೀಳ್ಕೊಡುತ್ತಿದ್ದೆವು. ಆತ ರಜೆಯ ಅರ್ಜಿಗೆ ಸಹಿ ಹಾಕಿ ಹತ್ತೇ ನಿಮಿಷದಲ್ಲಿ ವಾಪಸು ಬಂದರೆ ಎಲ್ಲರಿಗೂ ಮುಜುಗರ.

ಈ ಬಿಸಿ ನಮ್ಮ ಕನ್ನಡ ಕೂಟಕ್ಕೂ ತಟ್ಟಿತು. ಪ್ರತಿ ವರ್ಷ ಯುಗಾದಿಯ ಊಟವನ್ನು ಹೋಟೆಲಿನವರಿಂದ ಮಾಡಿಸುತ್ತಿದ್ದ ಪ್ರಾಯೋಜಕರು ಈ ಸಲ ಫೋನನ್ನೇ ಎತ್ತಲಿಲ್ಲ. ಮಸ್ಕತ್ತಿನ ಅಲ್ ಖುವೈರ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲೇ ಕಾರ್ಯಕಾರಿ ಸಮಿತಿ ಸೇರಿತು. ಕಾರ್ಯದರ್ಶಿ ಪ್ರಸಾದ್ ಬೆಂಗಳೂರಿನವರು, ಬಹಳ ಅಚ್ಚುಕಟ್ಟಿನ ಮನುಷ್ಯ. ಅವರು ತೀರ್ಪು ಕೊಟ್ಟರು.

"ಊಟ ಎಲ್ಲರ ಮನೆಯಿಂದ ಬರಲಿ. ಕಾಫಿ ಬೇಡ. ಟೀ ಬ್ಯಾಗು, ಪೇಪರ್ ಕಪ್ಪು. ಮುಗೀತು."

ನನ್ನ ಹೆಂಡತಿ ವಸುಧಾ ಮೈಸೂರಿನವಳು. ಟೀ ಬ್ಯಾಗು ಎಂಬ ಶಬ್ದ ಕೇಳಿ ಅವಳ ಮುಖ ಕೆಂಪಾಯಿತು.

"ಹೋಳಿಗೆ ಊಟದ ಮೇಲೆ ಟೀ ಬ್ಯಾಗಾ? ಹಬ್ಬ ಕಣ್ರೀ ಅದು, ಏರ್‌ಪೋರ್ಟ್ ಅಲ್ಲ! ನೂರೈವತ್ತು ಜನಕ್ಕೂ ಫಿಲ್ಟರ್ ಕಾಫಿ ನಾನು ಕೊಡ್ತೀನಿ."

"ಮೇಡಂ, ಹಾಲ್‌ನೋರು ಗ್ಯಾಸ್ ಒಲೆ ಒಳಗೆ ಬಿಡಲ್ಲ. ಆಗದೇ ಹೋದ್ರೆ?"

"ಆಗದೇ ಹೋದ್ರೆ ಇನ್ಮುಂದೆ ಕೂಟದ ಅಡುಗೆ ವಿಷಯಕ್ಕೆ ನಾನು ಬಾಯಿ ಹಾಕಲ್ಲ. ನೀವು ಹೇಳಿದ್ದೇ ಮೆನು."

ಇದು ಸಣ್ಣ ಮಾತಲ್ಲ. ಉಳಿದ ಹಬ್ಬಗಳಿಗೆಲ್ಲ ಅಡುಗೆ ಮಾಡುವವರು ನಾವು, ಮೆನು ಬರೆಯುವವರು ಇವರು ಎಂದು ಮೂರು ವರ್ಷ ವಾದ ಮಾಡಿ ಆ ವರ್ಷವಷ್ಟೇ ಅವಳು ಸಮಿತಿಯೊಳಗೆ ಬಂದಿದ್ದಳು. ಆ ಕುರ್ಚಿಯನ್ನು ಈಗ ಒಂದು ಲೋಟ ಕಾಫಿಯ ಮೇಲೆ ಪಣಕ್ಕಿಟ್ಟಿದ್ದಳು.

"ಕರೆಂಟಿನ ಬಾಯ್ಲರು ಬಾಡಿಗೆಗೆ ಸಿಗುತ್ತೆ, ತಂದ್ರಾಯ್ತು" ಎಂದಳು.

ಆಗಲೇ ನನ್ನ ಎದೆ ಮುಂದೆ ಬಂದದ್ದು.

"ಬಾಡಿಗಿ ಯಾಕ? ನಾ ಸತ್ತೀನೇನು? ನೀರು ಕಾಸೂದು ನನಗ ಬಿಡು. ಕರೆಂಟಿನ ಪಾತ್ರಿ ನಾನ ಮಾಡಿ ಕೊಡ್ತೀನಿ!"

ನಾನು ಬಾಗಲಕೋಟೆ ಕಡೆಯವನು. ಚಹಾ ಕುಡಿದು ಬೆಳೆದ ಮೈ. ಕಾಫಿಯನ್ನು ಮದುವೆಯ ಒಂದು ಷರತ್ತೆಂದು ಸ್ವೀಕರಿಸಿದವನು. ಅಂಥವನು ಕಾಫಿಯ ಮಾನ ಕಾಯಲು ಮುಂದೆ ಬಂದದ್ದನ್ನು ನೋಡಿ ಪ್ರಸಾದ್ ಚಪ್ಪಾಳೆ ತಟ್ಟಿದರು. ವಸುಧಾ ತಟ್ಟಲಿಲ್ಲ.

ಮರುದಿನವೇ ನಲವತ್ತು ಲೀಟರಿನ ಸ್ಟೀಲ್ ಪಾತ್ರೆ ಬಂತು, ಗೀಸರಿನ ಒಳಗಿರುವಂಥ ಒಂದು ಹೀಟಿಂಗ್ ಎಲಿಮೆಂಟೂ ಬಂತು. ಪಾತ್ರೆಯ ಬದಿಗೆ, ತಳದ ಹತ್ತಿರ ತೂತು ಕೊರೆದು ಎಲಿಮೆಂಟನ್ನು ಕೂರಿಸಿದೆ. ಎಲಿಮೆಂಟಿನ ಸುರುಳಿ ಒಳಗೆ ನೀರಿನಲ್ಲಿ ಮುಳುಗಿರುತ್ತದೆ. ಅದರ ಬಾಲ, ಅಂದರೆ ಕರೆಂಟಿನ ತಂತಿ ಸೇರುವ ತಿರುಪುಗಳು, ಪಾತ್ರೆಯ ಹೊರಗೆ ಬೆತ್ತಲೆ ನಿಂತಿರುತ್ತವೆ. ಅದನ್ನು ಮುಟ್ಟಿದವರು ಬೇವುಬೆಲ್ಲ ತಿನ್ನುವ ಮೊದಲೇ ವೈಕುಂಠಕ್ಕೆ ಹೊರಡಬೇಕಾಗುತ್ತದೆ. ಆದ್ದರಿಂದ ಆ ಬಾಲವನ್ನು ಮುಚ್ಚಲು ಒಂದು ಪೆಟ್ಟಿಗೆ ಬೇಕು. ಅಷ್ಟೇ. ಒಂದು ಪೆಟ್ಟಿಗೆ!

ಸಾಮಾನ್ಯ ಮನುಷ್ಯನಾಗಿದ್ದರೆ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕೇಳುತ್ತಿದ್ದ. ನಾನು ಅಧ್ಯಯನಕ್ಕಿಳಿದೆ. ಆಫೀಸಿನಲ್ಲಿ ಹೇಗೂ ಪುರುಸೊತ್ತು ಬಿದ್ದು ಒದ್ದಾಡುತ್ತಿತ್ತು. ಅಂತರ್ಜಾಲದಲ್ಲಿ ಹುಡುಕಿದರೆ ಇದೇ ವಿಷಯದ ಮೇಲೆ ಜೀವ ತೇಯುತ್ತಿರುವ ಒಂದು ಬಳಗವೇ ಸಿಕ್ಕಿತು. ಹೀಗೇ ಪಾತ್ರೆ, ಹೀಗೇ ಎಲಿಮೆಂಟು, ಅದರ ಪೆಟ್ಟಿಗೆ ಪ್ಲಾಸ್ಟಿಕ್ಕಿನದಿರಬೇಕೋ ಲೋಹದ್ದೋ ಎಂದು ನೂರಾರು ಪುಟ ಜಗಳ. ನನಗೆ ಬಳಗ ಸೇರಿದ ಸಂತೋಷವಾಯಿತು. ಎಂಟನೇ ಕ್ಲಾಸಿನ ಮಗಳು ಅನಘಾ ಹಿಂದಿನಿಂದ ಬಗ್ಗಿ ನೋಡಿದಳು.

"ಅಪ್ಪಾ, ದಿಸ್ ಈಸ್ ಎ ಬಿಯರ್ ವೆಬ್‌ಸೈಟ್!"

ಹೌದು. ಅವರೆಲ್ಲ ಮನೆಯಲ್ಲಿ ಬಿಯರ್ ಕುದಿಸುವ ಅಮೆರಿಕದ ಭಕ್ತರು. ಜನ್ಮದಲ್ಲಿ ಒಂದು ತೊಟ್ಟು ಕುಡಿಯದ ನಾನು ಅವರ ನಡುವೆ ಹೆಸರು ನೋಂದಾಯಿಸಿಕೊಂಡೆ. ಒಬ್ಬ ಪುಣ್ಯಾತ್ಮ, "ಎಷ್ಟು ದಿನ ಹುದುಗಿಸುತ್ತೀರಿ?" ಎಂದು ಕೇಳಿದ. ನಮ್ಮಲ್ಲಿ ಹುದುಗಿಸುವುದು ದೋಸೆ ಹಿಟ್ಟು ಮಾತ್ರ ಎಂದು ಬರೆದೆ. ಅದೆಂಥ ಬಿಯರ್ ಎಂದು ನಾಲ್ವರು ವಿಚಾರಿಸಿದರು.

ವಸುಧಾ ಆ ದಿನಗಳಲ್ಲಿ ಎರಡು ಮೂರು ಸಲ ನನ್ನ ಹತ್ತಿರ ಬಂದು, "ರೀ, ಅಳತೆ ಒಂದು ಹೇಳ್ಬೇಕಿತ್ತು" ಎಂದದ್ದು ನೆನಪಿದೆ. ನಾನು ಪ್ರತಿ ಸಲವೂ ಕೈ ಎತ್ತಿ ತಡೆದು ಪೆಟ್ಟಿಗೆಗಳ ವಿಷಯ ವಿವರಿಸಿದೆ. ಅವಳು ಕೇಳಿಸಿಕೊಂಡು ಒಳಗೆ ಹೋದಳು. ಒಳ್ಳೆಯ ಶ್ರೋತೃ.

ಮೊದಲ ಪೆಟ್ಟಿಗೆ ಪ್ಲಾಸ್ಟಿಕ್ಕಿನದು. ಹಗುರ, ಅಂದ, ಕರೆಂಟು ಹರಿಯದು. ಊಟದ ಮೇಜಿನ ಮೇಲೆ ಪಾತ್ರೆ ಇಟ್ಟು ಸ್ವಿಚ್ ಹಾಕಿದೆ. ಅರ್ಧ ಗಂಟೆಯಲ್ಲಿ ನೀರು ಗುಂಯ್‌ಗುಟ್ಟಿತು. ಹೆಂಡತಿ ಮಗಳನ್ನು ಕರೆದು, "ನೋಡ್ರಿ!" ಎಂದೆ. ಅವರು ನೋಡುತ್ತಿದ್ದ ಹಾಗೆಯೇ ಪಾತ್ರೆಯ ಬಿಸಿಗೆ ಪೆಟ್ಟಿಗೆ ಒಲೆಯ ಪಕ್ಕ ಇಟ್ಟ ಬೆಲ್ಲದ ಹಾಗೆ ಮೆಲ್ಲಗೆ ಜೋತುಬಿದ್ದಿತು. ನಾನು ಸ್ವಿಚ್ಚಿಗೆ ಹಾರಿದೆ.

"ಸುಟ್ಟ ವಾಸನೆ" ಎಂದಳು ವಸುಧಾ.

"ಇದು ಸೋಲಲ್ಲ. ಇದು ಮಾಹಿತಿ!" ಎಂದೆ.

ಎರಡನೇ ಪೆಟ್ಟಿಗೆ ಲೋಹದ್ದೇ ಆಗಬೇಕು ಎಂದು ಮಾಹಿತಿ ಹೇಳಿತು. ಅಳತೆಗೆ ಸರಿಯಾದದ್ದು ಎಲ್ಲೂ ಸಿಗಲಿಲ್ಲ. ಹುಡುಕಿ ಹುಡುಕಿ ಸೋತು ನೀರು ಕುಡಿಯಲೆಂದು ಅಡುಗೆಮನೆಗೆ ಹೋದರೆ, ಎದುರಿಗೇ ಇತ್ತು! ದುಂಡನೆಯ, ದಪ್ಪ ಸ್ಟೀಲಿನ, ಬಿಗಿ ಮುಚ್ಚಳದ ಡಬ್ಬಿ. ದೇವರು ಕೊಟ್ಟದ್ದೆಂದು ತಿಳಿದು ಅದರ ತಳಕ್ಕೆ ತೂತು ಕೊರೆದೆ. ಅದು ದೇವರು ಕೊಟ್ಟದ್ದಲ್ಲ, ಅತ್ತೆಯವರು ಮದುವೆಯಲ್ಲಿ ಕೊಟ್ಟ ಸಾಸಿವೆ ಡಬ್ಬಿ ಎಂದು ಆಮೇಲೆ ತಿಳಿಯಿತು. ತಿಳಿಸಿದ ಧ್ವನಿಯನ್ನು ಇಲ್ಲಿ ಬರೆಯಲಾರೆ.

ಶುಕ್ರವಾರ ಮಧ್ಯಾಹ್ನ, ಇಡೀ ಕಟ್ಟಡ ಉಂಡು ಎಸಿ ಹಾಕಿಕೊಂಡು ಮಲಗಿದ್ದ ಹೊತ್ತಿನಲ್ಲಿ ಎರಡನೇ ಪರೀಕ್ಷೆ. ಡಬ್ಬಿಗೂ ಪಾತ್ರೆಗೂ ನಡುವೆ ಒಂದು ರಬ್ಬರ್ ವಾಷರ್ ಹಾಕಬೇಕು ಎಂದು ಬಿಯರ್ ಬಳಗದವರು ದಪ್ಪಕ್ಷರದಲ್ಲಿ ಬರೆದಿದ್ದರು. ನಾನು ಮರೆತಿದ್ದೆ. ನೀರು ತಿರುಪಿನ ಗುಂಟ ಇಳಿದು ಡಬ್ಬಿಯೊಳಗೆ ತುಂಬಿಕೊಂಡಿತು. ಫಟ್!

ಪುಣ್ಯಕ್ಕೆ ಅರ್ಥಿಂಗ್ ಕೊಟ್ಟಿದ್ದೆ. ಆದ್ದರಿಂದಲೇ ಈ ಪ್ರಸಂಗವನ್ನು ಖುದ್ದು ನಾನೇ ಬರೆಯುತ್ತಿದ್ದೇನೆ. ಆದರೆ ನಮ್ಮ ಮನೆಯ ಕರೆಂಟಷ್ಟೇ ಅಲ್ಲ, ಇಡೀ ಮಹಡಿಯದು ಹೋಯಿತು. ಎಸಿಗಳು ನಿಂತ ಮೌನದಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದವು. ಕಟ್ಟಡದ ಮಾಲೀಕರು, ನಾವೆಲ್ಲ ಅರ್ಬಾಬ್ ಎಂದು ಕರೆಯುವ ಒಮಾನಿ ಹಿರಿಯರು, ಕೆಳಗಿನ ಮನೆಯಿಂದ ನಿದ್ದೆಗಣ್ಣಿನಲ್ಲಿ ಮೇಲೆ ಬಂದರು. ಅವರಿಗೆ ಕಂಡದ್ದೇನು? ಮೇಜಿನ ಮೇಲೆ ದೊಡ್ಡ ಪಾತ್ರೆ, ಥರ್ಮಾಮೀಟರು, ನಳಿಕೆ, ಪಕ್ಕದಲ್ಲಿ ನಾನು ಮುದ್ರಿಸಿಕೊಂಡಿದ್ದ ನಕ್ಷೆ. ನಕ್ಷೆಯ ನೆತ್ತಿಯ ಮೇಲೆ ನೊರೆ ಉಕ್ಕುವ ಬಿಯರ್ ಮಗ್ಗಿನ ಚಿತ್ರ!

ಮನೆಯಲ್ಲಿ ಮದ್ಯ ತಯಾರಿಸಿದರೆ ಆ ದೇಶದಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ನೌಕರಿ, ವೀಸಾ, ಮಗಳ ಶಾಲೆ ಎಲ್ಲ ಆ ಮಗ್ಗಿನ ನೊರೆಯಲ್ಲಿ ತೇಲಿ ಹೋದಂತೆ ಕಂಡವು.

"ಯೇ ಕ್ಯಾ ಹೈ?" ಎಂದರು ಅರ್ಬಾಬ್.

"ಗಹ್ವಾ, ಅರ್ಬಾಬ್! ಸಿರ್ಫ್ ಗಹ್ವಾ!" ಎಂದು ಕಾಫಿ ಪುಡಿಯ ಪೊಟ್ಟಣವನ್ನೇ ಅವರ ಮೂಗಿಗೆ ಹಿಡಿದೆ.

ಅವರು ಮೂಸಿದರು. ಪಾತ್ರೆಯನ್ನು ಸುತ್ತಿ ಬಂದರು. ಅವರ ಕಣ್ಣಿನಲ್ಲಿ ಸಂಶಯ ಹೋಗಿ ಕನಿಕರ ಬಂತು. "ಗಹ್ವಾ ಕೇ ಲಿಯೇ ಇತ್ನಾ ಬಡಾ ಮಷೀನ್? ಮೇರಾ ಬೀವಿ ತೋ ಛೋಟಾ ದಲ್ಲಾ ಮೇ ಬನಾತಾ ಹೈ" ಎಂದು ಅಂಗೈಯಗಲದ ಕಾಫಿ ಹೂಜಿಯ ಆಕಾರವನ್ನು ಕೈಯಲ್ಲೇ ತೋರಿಸಿದರು. ಆಮೇಲೆ ಬೆರಳೆತ್ತಿದರು. "ಯಹಾಂ ಖಲಾಸ್! ಇಸ್ ಬಿಲ್ಡಿಂಗ್ ಮೇ ಖಲಾಸ್!"

ಒಟ್ಟಿನಲ್ಲಿ, ನನ್ನ ಯಂತ್ರ ಕಾನೂನಿನ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಇದನ್ನೂ ಒಂದು ಗೆಲುವೆಂದೇ ಬರೆದುಕೊಂಡೆ.

ಪಾತ್ರೆ ಘಾಲಾ ಎಂಬ ಕೈಗಾರಿಕಾ ಪ್ರದೇಶಕ್ಕೆ ಸ್ಥಳಾಂತರವಾಯಿತು. ಅಲ್ಲಿನ ಒಂದು ಕಾರು ರಿಪೇರಿ ವರ್ಕ್‌ಶಾಪಿನಲ್ಲಿ ನಮ್ಮ ಪಕ್ಕದ ಮನೆಯ ಶೆಟ್ಟರು ಫೋರ್‌ಮನ್. ಮಂಗಳೂರು ಕಡೆಯವರು, ಯಾವ ಕಷ್ಟಕ್ಕೂ ಇಲ್ಲವೆನ್ನದ ಜೀವ. ನಾನು ಆಫೀಸಿನಲ್ಲಿ ತಯಾರಿಸಿದ ತಾಂತ್ರಿಕ ಮೌಲ್ಯಮಾಪನ ಪಟ್ಟಿಯನ್ನು ಅವರ ಮುಂದೆ ಹರಡಿದೆ. ಹನ್ನೊಂದು ಬಗೆಯ ಪೆಟ್ಟಿಗೆಗಳು. ಬಿಸಿ ತಡೆಯುವುದೇ, ನೀರು ತಡೆಯುವುದೇ, ಧೂಳು ತಡೆಯುವುದೇ, ಸಮುದ್ರದ ಉಪ್ಪುಗಾಳಿ ತಡೆಯುವುದೇ ಎಂದು ಕಾಲಂಗಳು. ಕೊನೆಯ ಕಾಲಂ: ಸುತ್ತಲೂ ದಹನಶೀಲ ಅನಿಲ ತುಂಬಿದ್ದರೆ ಸ್ಫೋಟ ತಡೆಯುವುದೇ?

"ಕಾಫಿಯಲ್ಲಿ ಗ್ಯಾಸ್ ಎಲ್ಲಿಂದ ಬಂತು ಮಾರಾಯ್ರೇ?" ಎಂದರು ಶೆಟ್ಟರು.

ಹದಿನೆಂಟು ವರ್ಷ ಆ ಕಾಲಂ ಇಲ್ಲದ ಪಟ್ಟಿಗೆ ನಾನು ಸಹಿ ಹಾಕಿದವನೇ ಅಲ್ಲ. ಕೈ ತಾನಾಗಿ ಗೆರೆ ಎಳೆದಿತ್ತು. ಎಳೆದ ಮೇಲೆ ತುಂಬಲೇಬೇಕು. ತುಂಬಿದ ಮೇಲೆ ಹನ್ನೊಂದರಲ್ಲಿ ಹತ್ತು ಪೆಟ್ಟಿಗೆಗಳು ಅನರ್ಹವಾದವು. ಉಳಿದದ್ದು ಒಂದೇ: ತೈಲ ಬಾವಿಯ ಬಾಯಿಯಲ್ಲಿ ಕೂರಿಸುವ, ಎರಕದ ಅಲ್ಯೂಮಿನಿಯಮ್ಮಿನ ಸ್ಫೋಟನಿರೋಧಕ ಪೆಟ್ಟಿಗೆ!

"ಅಂಥದ್ದು ಬೇಕಾದ್ರೆ ಬರ್ಕಾದಲ್ಲಿ ಒಂದು ಗುಜರಿ ಯಾರ್ಡ್ ಉಂಟು. ರಿಗ್ ಮುಚ್ಚಿದವರ ಸಾಮಾನೆಲ್ಲ ಅಲ್ಲಿಯೇ ಬಂದು ಬೀಳುವುದು" ಎಂದರು ಶೆಟ್ಟರು.

ಹೋದೆವು. ಆ ಯಾರ್ಡನ್ನು ನೋಡಿ ನನಗೆ ನಗು ಬರಲಿಲ್ಲ. ಎರಡು ವರ್ಷದ ಹಿಂದೆ ನಮ್ಮಂಥವರು ಪ್ಯಾಕಿಂಗ್ ಬಿಚ್ಚುವಾಗ ಗೀರು ಬೀಳದಂತೆ ಎತ್ತಿಕೊಂಡ ಗೇಜುಗಳು, ವಾಲ್ವುಗಳು ಆಡಿನ ಹಿಕ್ಕೆಯ ನಡುವೆ ರಾಶಿ ಬಿದ್ದಿದ್ದವು. ನಾಳೆ ನಾನೂ ಇಲ್ಲೇ ಎಲ್ಲೋ ಒಂದು ಮೂಲೆಯಲ್ಲಿ ಎಂದು ಅನಿಸಿ ಬಹಳ ಬೇಸರವಾಯಿತು. ಆ ರಾಶಿಯ ಕೆಳಗೆ ನನ್ನ ಪೆಟ್ಟಿಗೆ ಹೊಸದರಂತೆ ಕೂತಿತ್ತು. ಎಂಟು ಬೋಲ್ಟಿನ ಮುಚ್ಚಳ. ತೂಕ ಒಂಬತ್ತು ಕಿಲೋ. ಎತ್ತಿ ಎದೆಗವಚಿಕೊಂಡೆ. ನಿನ್ನನ್ನಾದರೂ ಕೆಲಸಕ್ಕೆ ಹಚ್ಚುತ್ತೇನೆ ಎಂದು ಮನಸ್ಸಿನಲ್ಲೇ ಮಾತು ಕೊಟ್ಟೆ.

"ಇದು ಕಾಫಿಗಾ, ಕ್ಷಿಪಣಿಗಾ?" ಎಂದರು ಶೆಟ್ಟರು.

ಮನೆಗೆ ತಂದು ತೋರಿಸಿದೆ. ವಸುಧಾ ಅದರ ಮುಚ್ಚಳವನ್ನು ಬೆರಳಿನಿಂದ ತಟ್ಟಿ ನೋಡಿದಳು.

"ಕಾಫಿ ಸಿಡಿಯುತ್ತೇನ್ರೀ?"

"ಸಿಡಿಯೂದಿಲ್ಲ. ಆದ್ರ ಸಿಡಿದ್ರೂ ಹೊರಗ ಗೊತ್ತಾಗೂದಿಲ್ಲ!"

ಘಾಲಾದಲ್ಲಿ ಜೋಡಣೆ ಶುರುವಾಯಿತು. ಈ ಸಲ ವಾಷರ್ ಒಂದಲ್ಲ, ಮೂರು. ಪೆಟ್ಟಿಗೆ ಕೂತಿತು. ಕೂತ ಕೂಡಲೇ ಪಾತ್ರೆ ಮಗುಚಿ ನನ್ನ ಕಾಲ ಮೇಲೆ ಬಿತ್ತು. ಪಾತ್ರೆಯೇ ಆರು ಕಿಲೋ. ಅದಕ್ಕೆ ಒಂಬತ್ತು ಕಿಲೋ ಪೆಟ್ಟಿಗೆ ನೇತುಹಾಕಿದರೆ ಬೇರೇನಾಗುತ್ತದೆ! ಶೆಟ್ಟರು ಹೋಗಿ ಕಾರೆತ್ತುವ ಒಂದು ಜಾಕ್ ತಂದು ಪೆಟ್ಟಿಗೆಯ ಕೆಳಗೆ ಕೊಟ್ಟು ತಿರುವಿದರು. ಪಾತ್ರೆ ನೆಟ್ಟಗೆ ನಿಂತಿತು. ನೀರು ತುಂಬಿ ಸ್ವಿಚ್ ಹಾಕಿದೆವು. ಒಂದು ಗಂಟೆ ಐದು ನಿಮಿಷದಲ್ಲಿ ನಲವತ್ತು ಲೀಟರೂ ಕೊತಕೊತ ಕುದಿಯಿತು! ಪೆಟ್ಟಿಗೆ ಕರಗಲಿಲ್ಲ, ಸೋರಲಿಲ್ಲ, ಘಾಲಾದ ಕರೆಂಟು ಹೋಗಲಿಲ್ಲ. ವರ್ಕ್‌ಶಾಪಿನ ಮಲೆಯಾಳಿ, ಪಾಕಿಸ್ತಾನಿ, ಬಂಗಾಳಿ ಮೆಕ್ಯಾನಿಕ್‌ಗಳೆಲ್ಲ ಆ ನೀರಿನಲ್ಲಿ ಹಾಲಿಲ್ಲದ ಸುಲೈಮಾನಿ ಚಹಾ ಮಾಡಿ ಕುಡಿದು ನನ್ನ ಬೆನ್ನು ತಟ್ಟಿದರು. ಕೆಲಸವಿಲ್ಲದೆ ಕೂತ ಆ ತಿಂಗಳುಗಳಲ್ಲಿ ನನ್ನ ಕೈಯಿಂದ ಒಂದು ವಸ್ತು ಕೆಲಸ ಮಾಡಿದ್ದು ಅಂದೇ. ಕಣ್ಣು ತುಂಬಿ ಬಂತು. ಹಬೆ ಎಂದು ಹೇಳಿದೆ.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ದೊಡ್ಡ ಮನುಷ್ಯನಾಗಿ ಉಳಿಯುತ್ತಿದ್ದೆ.

ಹಬ್ಬದ ಊಟದ ಹಿಂದಿನ ದಿನ ಪಾತ್ರೆಯನ್ನು ಮನೆಗೆ ತಂದೆ. ಸ್ವಿಚ್ ಹಾಕುವುದಿಲ್ಲ ಎಂದು ಅರ್ಬಾಬರಿಗೆ ಆಣೆಯಿಟ್ಟು ತಂದೆ. ಆ ಸಂಜೆ ನನಗೆ ಬಿಯರ್ ಬಳಗದ ನೆನಪಾಯಿತು. ಅವರ ಪ್ಲಾಸ್ಟಿಕ್ ಪೆಟ್ಟಿಗೆಗಳ ನಡುವೆ ನನ್ನದರ ಫೋಟೋ ಹಾಕಿದರೆ ಹೇಗೆ! ಮುಚ್ಚಳ ತೆಗೆದು ಒಳಗಿನ ಕೈಚಳಕವನ್ನೂ ತೋರಿಸಬೇಕು. ಎಂಟು ಬೋಲ್ಟು ಬಿಚ್ಚಿದೆ. ಒಂದು ತಂತಿ ಅಡ್ಡ ಬಂದು ಚಿತ್ರ ಕೆಡಿಸುತ್ತಿತ್ತು. ಅದನ್ನು ತಿರುಪಿನಿಂದ ಬಿಡಿಸಿ ಪಕ್ಕಕ್ಕೆ ಮಡಚಿದೆ. ಚಿತ್ರ ಅದ್ಭುತವಾಗಿ ಬಂತು. ಮುಚ್ಚಳ ಹಾಕಿ ಎಂಟೂ ಬೋಲ್ಟುಗಳನ್ನು ಪ್ರಾಣ ಬಿಟ್ಟು ಬಿಗಿದೆ. ಬಿಗಿದ ಅಲೆನ್ ಕೀಯನ್ನು ಟಿವಿಯ ಪಕ್ಕದಲ್ಲಿಟ್ಟು, ಫೋಟೋಗೆ ಎಷ್ಟು ಮೆಚ್ಚುಗೆ ಬಂತು ಎಂದು ನೋಡುತ್ತ ಕೂತೆ.

ಮರುದಿನ ರೂವಿಯಲ್ಲಿ ಗೊತ್ತುಮಾಡಿದ್ದ ಸಭಾಂಗಣದಲ್ಲಿ ಹನ್ನೆರಡಕ್ಕೆ ಸರಿಯಾಗಿ ಪಾತ್ರೆ, ಪೆಟ್ಟಿಗೆ, ಜಾಕು ಸಮೇತ ಪ್ರತಿಷ್ಠಾಪನೆಯಾಯಿತು. ಒಂದೂವರೆಗೆ ಕಾಫಿ. ಹಾಲನ್ನು ನಾಲ್ಕು ಮನೆಯವರು ಕಾಯಿಸಿ ದೊಡ್ಡ ಫ್ಲಾಸ್ಕುಗಳಲ್ಲಿ ತಂದಿದ್ದರು. ನನ್ನ ನೀರು ಕುದಿದರೆ ವಸುಧಾ ಡಿಕಾಕ್ಷನ್ ಇಳಿಸಬೇಕು, ಅಷ್ಟೇ. ಮಕ್ಕಳು, ಹಿರಿಯರು ಸುತ್ತ ನೆರೆದರು. ನಾನು ಸ್ವಿಚ್ ಹಾಕಿ ಪೆಟ್ಟಿಗೆಯ ಗುಣಗಾನ ಮಾಡತೊಡಗಿದೆ.

ಹನ್ನೆರಡೂವರೆಗೆ ಥರ್ಮಾಮೀಟರು ನೋಡಿದೆ. ಇಪ್ಪತ್ತಾರು ಡಿಗ್ರಿ. ಹನ್ನೆರಡೂ ಮುಕ್ಕಾಲಿಗೆ ನೋಡಿದೆ. ಇಪ್ಪತ್ತಾರು. ಕೈ ಅದ್ದಿದೆ. ನಲ್ಲಿಯ ನೀರು! ಸಭಾಂಗಣದ ಕರೆಂಟು ಸರಿಯಿತ್ತು, ಪ್ಲಗ್ಗು ಸರಿಯಿತ್ತು. ಒಳಗೆ ಏನೋ ಆಗಿದೆ. ಒಳಗೆ ಎಂದ ಕೂಡಲೇ ಹಿಂದಿನ ಸಂಜೆಯ ಆ ತಂತಿ ಕಣ್ಣ ಮುಂದೆ ಬಂತು. ಪಕ್ಕಕ್ಕೆ ಮಡಚಿದ ಹಾಗೆಯೇ ಬೆಚ್ಚಗೆ ಮಲಗಿದ ತಂತಿ! ಅದರ ಮೇಲೆ, ಆನೆ ಮೆಟ್ಟಿದರೂ ಬಗ್ಗದ ಮುಚ್ಚಳ. ಕೀ ಅಲ್ ಖುವೈರಿನಲ್ಲಿ, ಟಿವಿಯ ಪಕ್ಕದಲ್ಲಿ.

ಶೆಟ್ಟರು ಆಗಷ್ಟೇ ಹೋಳಿಗೆಗೆ ತುಪ್ಪ ಹಾಕಿಸಿಕೊಂಡಿದ್ದರು. ನಾನು ನಮ್ಮ ಮನೆಯ ಬೀಗದಕೈ ಕೊಟ್ಟು ಕಿವಿಯಲ್ಲಿ ವಿಷಯ ಹೇಳಿದೆ. ಅವರು ನನ್ನ ಮುಖ ನೋಡಿದರು, ಹೋಳಿಗೆ ನೋಡಿದರು, ಎದ್ದರು.

"ಇದನ್ನು ಯಾರೂ ಮುಟ್ಬೇಡಿ. ಈಗ ಬಂದೆ" ಎಂದು ಕಾರಿನ ಕೀಲಿಗೆ ಕೈ ಹಾಕಿದರು. ಆ ತ್ಯಾಗವನ್ನು ನಾನು ಏಳು ಜನ್ಮ ಮರೆಯಲಾರೆ.

ವಸುಧಾಳ ಹತ್ತಿರ ಹೋಗಿ ಏನು ಹೇಳಬೇಕೆಂದು ತಿಳಿಯದೆ, "ಕಾರಣ ಪತ್ತೆ ಆಗೇತಿ" ಎಂದೆ. ಆಮೇಲೆ ಕಾರಣವನ್ನೂ ಹೇಳಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಪಂಕ್ತಿಯ ಕೊನೆಯಲ್ಲಿ ಕೂತ ಪ್ರಸಾದ್ ಕಡೆ ಒಮ್ಮೆ ನೋಡಿದಳು. ಅವರು ಆಗಲೇ ಗಡಿಯಾರ ನೋಡಿಕೊಳ್ಳುತ್ತಿದ್ದರು. ನನಗೆ ನೆಲದೊಳಗೆ ಇಳಿದು ಹೋಗೋಣ ಎನಿಸಿತು. ಅವಳ ಮೂರು ವರ್ಷದ ವಾದವನ್ನು ನಾನು ಒಂದು ಫೋಟೋಗಾಗಿ ಕಳೆದಿದ್ದೆ.

"ಹೋಗ್ಲಿ ಬಿಡಿ. ನೀವು ಪೆಟ್ಟಿಗೆ ನೋಡ್ಕೊಳ್ಳಿ, ಕಾಫಿ ನಾನು ನೋಡ್ಕೋತೀನಿ. ಅನಘಾ, ಕಾರಿನ ಡಿಕ್ಕಿಯಲ್ಲಿ ಬೆಡ್‌ಶೀಟ್ ಗಂಟಿದೆಯಲ್ಲ, ತಗೊಂಡ್ಬಾ."

ಗಂಟು ಬಂತು. ಬಿಚ್ಚಿದಳು. ಒಳಗೆ ಆರು ಎಲೆಕ್ಟ್ರಿಕ್ ಕೆಟಲ್‌ಗಳು! ಆರು ಮನೆಗಳ ಆರು ಬಣ್ಣದ ಕೆಟಲ್‌ಗಳು.

"ಇವು ಯಾವಾಗಿಂದ?" ಎಂದೆ.

"ಸಾಸಿವೆ ಡಬ್ಬಿ ಹೋದ ದಿನದಿಂದ."

ಅಡುಗೆಮನೆಯಲ್ಲಿ ಎರಡು, ವೇದಿಕೆಯ ಹಿಂದೆ ಎರಡು, ಕಾರಿಡಾರಿನಲ್ಲಿ ಎರಡು ಕೆಟಲ್ ಕುದಿಯತೊಡಗಿದವು. ಹೆಂಗಸರು ಓಡಾಡಿ ನೀರು ತಂದು ದೊಡ್ಡ ಫಿಲ್ಟರುಗಳಿಗೆ ಸುರಿದರು. ನನಗೆ ಇನ್ನೂ ನಂಬಿಕೆಯಿಲ್ಲ.

"ಅಲ್ಲ, ನಲವತ್ತು ಲೀಟರ್ ನೀರು ಈ ಚಿಳ್ಳಿ ಪಿಳ್ಳಿ ಕೆಟಲ್‌ನ್ಯಾಗ ಹೆಂಗ ಕಾಸ್ತಿ?"

"ನಲವತ್ತು ಯಾರಿಗ್ರೀ ಬೇಕು? ಚಿಕ್ಕ ಲೋಟದ ಕಾಫಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಲು. ಡಿಕಾಕ್ಷನ್ನಿಗೆ ನನಗೆ ಬೇಕಾಗಿದ್ದು ಎಂಟು ಲೀಟರ್ ಬಿಸಿನೀರು."

ಎಂಟು ಲೀಟರು!

"ಮೊದಲ ಹೇಳಬಾರದೇನು?"

"ಮೂರು ಸಲ ಬಂದೆ ಹೇಳಕ್ಕೆ. ನೀವು ಮೂರು ಸಲಾನೂ ಪೆಟ್ಟಿಗೆ ಬಗ್ಗೆ ಹೇಳಿದ್ರಿ."

ಒಂದೂವರೆಗೆ ಸರಿಯಾಗಿ ಕಾಫಿ ಹೊರಟಿತು. ಘಮ ಸಭಾಂಗಣದ ಮೂಲೆ ಮೂಲೆಗೂ ಹೋಯಿತು. ಹೋಳಿಗೆ ಉಂಡು ಗೋಡೆಗೊರಗಿದ್ದವರು ಎದ್ದು ಕೂತರು. ಪ್ರಸಾದ್ ಒಂದು ಲೋಟ ಕುಡಿದರು. ಎರಡನೆಯದನ್ನು ತಾವೇ ಬಂದು ಕೇಳಿದರು. ಮೂರನೆಯದಕ್ಕೆ, "ಮೇಡಂ, ಮುಂದಿನ ಸಲದ ಮೆನು ನೀವೇ ಬರೀರಿ" ಎಂದರು. ವಸುಧಾ ನಕ್ಕಳು. ಆ ನಗುವಿನಲ್ಲಿ ನನಗೇನೂ ಪಾಲಿರಲಿಲ್ಲ. ಆದರೂ ಹೆಮ್ಮೆಯಿಂದ ನನ್ನ ಎದೆ ಮತ್ತೆ ಎರಡು ಇಂಚು ಮುಂದೆ ಬಂದದ್ದು ನಿಜ.

ಎರಡು ಗಂಟೆಗೆ ಶೆಟ್ಟರು ಕೀ ಹಿಡಿದು ಬಂದರು. ಈಗ ಯಾರಿಗೂ ನೀರು ಬೇಕಿರಲಿಲ್ಲ. ಬೇಕಿಲ್ಲವೆಂದು ಬಿಡಲಾದೀತೇ? ಎಂಟು ಬೋಲ್ಟು ಬಿಚ್ಚಿ, ತಂತಿ ಸೇರಿಸಿ, ಮತ್ತೆ ಎಂಟು ಬೋಲ್ಟು ಬಿಗಿದು ಸ್ವಿಚ್ ಹಾಕಿದೆ. ಪೆಟ್ಟಿಗೆಯ ಮಾನದ ಪ್ರಶ್ನೆ! ಶೆಟ್ಟರು ಪಕ್ಕದಲ್ಲಿ ಕೂತು ಆರಿದ ಹೋಳಿಗೆ ತಿಂದರು. ಮೂರೂಕಾಲಿಗೆ ನಲವತ್ತು ಲೀಟರು ನೀರು ಭೋರೆಂದು ಕುದಿಯಿತು. ನಾನು ಎರಡೂ ಕೈ ಎತ್ತಿ, "ಕುದೀತು!" ಎಂದು ಕೂಗಿದೆ. ಸಭಾಂಗಣದಲ್ಲಿ ಉಳಿದವರು ತಿರುಗಿ ನೋಡಿದರು.

"ಕಾಫಿ ಆಯ್ತಲ್ಲ ಸಾರ್" ಎಂದರು ಒಬ್ಬರು, ಬಹಳ ಮರ್ಯಾದೆಯಿಂದ.

ಆಗ ಅಡುಗೆಮನೆಯಿಂದ ಗದ್ದಲ ಕೇಳಿಸಿತು. ನಾಲ್ಕಕ್ಕೆ ಸಭಾಂಗಣ ಖಾಲಿ ಮಾಡಿ, ತೊಳೆದ ಪಾತ್ರೆ ಎಣಿಸಿ ಒಪ್ಪಿಸಬೇಕು. ಹೂರಣದ ಕೊಪ್ಪರಿಗೆ, ತುಪ್ಪ ಹೆಪ್ಪುಗಟ್ಟಿದ ತಟ್ಟೆ, ಪಾಯಸ ಹಿಡಿದ ಸೌಟುಗಳ ಬೆಟ್ಟ. ಅಲ್ಲಿನ ನಲ್ಲಿಯಲ್ಲಿ ತಣ್ಣೀರು ಮಾತ್ರ, ಜಿಡ್ಡು ಮಿಸುಕುತ್ತಿಲ್ಲ. ಹತ್ತು ಹನ್ನೆರಡು ಹೆಂಗಸರು ಸೋಪು ಹಿಡಿದು ಕಂಗಾಲಾಗಿ ನಿಂತಿದ್ದರು. ವಸುಧಾ ಬಾಗಿಲಿಗೆ ಬಂದು ನನ್ನ ಕಡೆ ಕೈ ಬೀಸಿದಳು.

"ರೀ! ಆ ನೀರು ಇದೆಯಾ?"

ಇದೆಯಾ! ನಾನ್ಯಾಕೆ, ಪೆಟ್ಟಿಗೆಯೇ ಹೂಂಗುಟ್ಟಿದ ಹಾಗಾಯಿತು. ಬಕೆಟ್ ಮೇಲೆ ಬಕೆಟ್ ಕುದಿನೀರು ಅಡುಗೆಮನೆಗೆ ಹೋಯಿತು. ಕೊಪ್ಪರಿಗೆಯ ಜಿಡ್ಡು ಹೇಳಹೆಸರಿಲ್ಲದೆ ಕರಗಿತು. ಪಾತ್ರೆಗಳು ಫಳಫಳ ಹೊಳೆದವು. ಇನ್ನೂ ಬೇಕು, ಇನ್ನೂ ಬೇಕು ಎಂದು ಕೂಗು! ನಾಲ್ಕಕ್ಕೆ ಐದು ನಿಮಿಷವಿರುವಾಗ ಕೊನೆಯ ಸೌಟು ತೊಳೆದದ್ದಾಯಿತು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಈ ಸಲ ವಸುಧಾಳೂ ತಟ್ಟಿದಳು. ನನ್ನ ಜೀವಮಾನದಲ್ಲಿ ಯಾವ ತೈಲ ಬಾವಿಯನ್ನು ಚಾಲೂ ಮಾಡಿದಾಗಲೂ ನನಗೆ ಅಂಥ ಚಪ್ಪಾಳೆ ಸಿಕ್ಕಿರಲಿಲ್ಲ.

ಮುಂದಿನ ವಾರ ಸಮಿತಿ ಸೇರಿ ನಿರ್ಣಯ ಅಂಗೀಕರಿಸಿತು. ಪ್ರಸಾದ್ ಎದ್ದು ನಿಂತು ಗಂಭೀರವಾಗಿ ಓದಿದರು. ಇನ್ನು ಮುಂದೆ ಕೂಟದ ಎಲ್ಲ ಕಾರ್ಯಕ್ರಮಗಳಿಗೆ ಅಡುಗೆಯ ಸಂಚಾಲಕಿ ಶ್ರೀಮತಿ ವಸುಧಾ ಪಾಟೀಲ. ಅವರ ಯಜಮಾನರಿಗೆ ಪ್ರತ್ಯೇಕ ವಿಭಾಗ. ಎಲ್ಲರೂ ಕೈ ಎತ್ತಿ ಅನುಮೋದಿಸಿದರು. ಯಾವ ಎಚ್.ಆರ್. ಕೂಡ ಇನ್ನು ನನ್ನನ್ನು ಅಲ್ಲಿಂದ ಕದಲಿಸುವಂತಿರಲಿಲ್ಲ.

ಕೆಲಸ ಯಾವಾಗ ಹೋಗುವುದೋ ಎಂದು ಮಸ್ಕತ್ತಿನ ಇಂಜಿನಿಯರುಗಳೆಲ್ಲ ನಿದ್ದೆಗೆಟ್ಟು ಕೂತಿದ್ದ ಆ ವರ್ಷ, ಆಜೀವ ಖಾಯಂ ಹುದ್ದೆ ಸಿಕ್ಕ ಏಕೈಕ ಇಂಜಿನಿಯರ್ ನಾನು. ಹುದ್ದೆ: ಮುಸುರೆ ತೊಳೆಯಲು ಬಿಸಿನೀರು!